ಖಿದ್ಮತ್ ಮತ್ತು ಹಕ್: ನಮ್ಮ ದವಾಖಾನೆಗಳ ಸಿಸ್ಟರ್‌ಗೆ ನ್ಯಾಯವಾದ ಪಗಾರ

(ಸಂಘದ ವಾರ್ಷಿಕ ಸಭೆಯಲ್ಲಿ ನೀಡಿದ ಉಪನ್ಯಾಸ)





ಶಿಕ್ಷಣ ಸಂಘದ ವೇದಿಕೆಯ ಮೇಲೆ ಪಗಾರದ ಮಾತೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನಿಸಬಹುದು. ಅದಕ್ಕೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಹೆಣ್ಣುಮಕ್ಕಳನ್ನು ಓದಿಸಿ ಎಂದು ನಾವು ವರ್ಷ ವರ್ಷವೂ ಇದೇ ವೇದಿಕೆಯಿಂದ ಹೇಳುತ್ತಾ ಬಂದಿದ್ದೇವೆ. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲ್ಲೂಕುಗಳಲ್ಲಿ ನಮ್ಮ ಮಾತು ಕೇಳಿ ಓದಿಸಿದ ತಂದೆತಾಯಿಗಳೂ ಇದ್ದಾರೆ. ಪಿ.ಯು.ಸಿ. ಮುಗಿಸಿದ ಮಗಳನ್ನು ಮುಂದೆ ಏನು ಓದಿಸೋಣ ಎಂದು ಅವರು ಕೇಳಿದಾಗ ನಾವು ಸಾಮಾನ್ಯವಾಗಿ ಎರಡು ದಾರಿ ತೋರಿಸುತ್ತೇವೆ. ಒಂದು ಶಿಕ್ಷಕಿಯ ದಾರಿ, ಇನ್ನೊಂದು ನರ್ಸಿಂಗ್ ದಾರಿ. ನರ್ಸಿಂಗ್ ಎಂದರೆ ಮನೆಯವರಿಗೂ ಒಪ್ಪಿಗೆ. ಬೇಗ ಮುಗಿಯುವ ಕೋರ್ಸು, ಊರ ಹತ್ತಿರವೇ ಕೆಲಸ, ಜನರ ದುವಾ ಸಿಗುವ ಕೆಲಸ.

ಸೀಟು ಸಿಕ್ಕ ಹುಡುಗಿಗೆ ನಾವು ಹಾರ ಹಾಕುತ್ತೇವೆ, ಇಂಥ ಸಂಚಿಕೆಯಲ್ಲಿ ಅವಳ ಫೋಟೋ ಹಾಕುತ್ತೇವೆ. ಆದರೆ ಎರಡು ಮೂರು ವರ್ಷಗಳ ನಂತರ ಅವಳು ಯಾವ ದವಾಖಾನೆಯಲ್ಲಿದ್ದಾಳೆ, ದಿನಕ್ಕೆ ಎಷ್ಟು ತಾಸು ನಿಂತಿರುತ್ತಾಳೆ, ತಿಂಗಳ ಕೊನೆಗೆ ಅವಳ ಕೈಗೆ ಎಷ್ಟು ಬರುತ್ತದೆ ಎಂದು ನಾವು ಕೇಳಿದ್ದೇವೆಯೇ? ಓದಿಸುವ ಜವಾಬ್ದಾರಿ ಹೊತ್ತ ಸಂಘವು ಆ ಓದಿಗೆ ಸರಿಯಾದ ಬೆಲೆ ಸಿಗುವಂತೆ ನೋಡುವ ಜವಾಬ್ದಾರಿಯನ್ನೂ ಹೊರಬೇಕು. ಇಂದು ನಾನು ಹೇಳಬೇಕಾದ ಮಾತು ಇಷ್ಟೇ. ಉಳಿದದ್ದು ಅದರ ವಿವರಣೆ.

ಸಿಸ್ಟರ್ ಎಂದರೆ ಯಾರು?

ದವಾಖಾನೆಯಲ್ಲಿ ಬಿಳಿ ಅಥವಾ ನೀಲಿ ಬಟ್ಟೆ ತೊಟ್ಟವರನ್ನೆಲ್ಲ ನಾವು ‘ಸಿಸ್ಟರ್’ ಎಂದೇ ಕರೆಯುತ್ತೇವೆ. ಆದರೆ ಆ ಒಂದು ಹೆಸರಿನ ಕೆಳಗೆ ಹಲವು ದರ್ಜೆಗಳಿವೆ. ನಾಲ್ಕು ವರ್ಷ ಓದಿದ ಬಿ.ಎಸ್ಸಿ. ನರ್ಸಿಂಗ್‌ನವರು ಇದ್ದಾರೆ. ಮೂರು ವರ್ಷದ ಜಿ.ಎನ್.ಎಂ. ಮಾಡಿದವರು ಇದ್ದಾರೆ. ಎರಡು ವರ್ಷದ ಎ.ಎನ್.ಎಂ. ಮಾಡಿದವರು ಇದ್ದಾರೆ. ಬೇರೆ ದೇಶಗಳಲ್ಲಿ ‘ಪ್ರಾಕ್ಟಿಕಲ್ ನರ್ಸ್’ ಎಂದು ಕರೆಯುವ ದರ್ಜೆಗೆ ನಮ್ಮಲ್ಲಿ ಹತ್ತಿರವಾದವರು ಈ ಎ.ಎನ್.ಎಂ. ಸಿಸ್ಟರ್‌ಗಳೇ. ಸರ್ಕಾರಿ ಉಪಕೇಂದ್ರದಲ್ಲಿ ಹೆರಿಗೆ, ಲಸಿಕೆ, ಬಾಣಂತಿಯ ಆರೈಕೆ ಎಲ್ಲವನ್ನೂ ನೋಡುವವರು ಇವರು. ಈಗ ಅವರ ಹುದ್ದೆಗೆ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂಬ ದೊಡ್ಡ ಹೆಸರು ಬಂದಿದೆ.

ಇವರಲ್ಲದೆ ಇನ್ನೊಂದು ಗುಂಪಿದೆ. ಯಾವ ಕೋರ್ಸೂ ಇಲ್ಲದೆ, ಹತ್ತನೆಯ ತರಗತಿ ಅಥವಾ ಪಿ.ಯು.ಸಿ. ನಂತರ ಚಿಕ್ಕ ನರ್ಸಿಂಗ್ ಹೋಮಿಗೆ ಸೇರಿ, ನೋಡುತ್ತ ನೋಡುತ್ತ ಇಂಜೆಕ್ಷನ್ ಹಾಕಲು, ಸಲೈನ್ ಏರಿಸಲು ಕಲಿತವರು. ಕಾಗದದ ಮೇಲೆ ಅವರು ಆಯಾ, ರೋಗಿಯ ಎದುರಿಗೆ ಸಿಸ್ಟರ್. ಪಗಾರದ ದಿನ ಮತ್ತೆ ಆಯಾ.

ಸರ್ಕಾರಿ ಆಸ್ಪತ್ರೆಯ ಒಳಗೂ ಎಲ್ಲರೂ ಒಂದೇ ಅಲ್ಲ. ಒಂದೇ ವಾರ್ಡಿನಲ್ಲಿ ಕಾಯಂ ಸಿಸ್ಟರ್ ಒಬ್ಬರು, ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ಸಿಸ್ಟರ್ ಒಬ್ಬರು, ಏಜೆನ್ಸಿಯ ಮೂಲಕ ಬಂದ ಹೊರಗುತ್ತಿಗೆಯವರು ಒಬ್ಬರು. ಮೂವರೂ ಅದೇ ರೋಗಿಯ ಅದೇ ನಾಡಿ ಹಿಡಿಯುತ್ತಾರೆ. ಪಗಾರ ಮಾತ್ರ ಮೂರು ತರಹ. ಇವರೆಲ್ಲರ ಜೊತೆಗೆ ಹಳ್ಳಿಯಲ್ಲಿ ಬಸುರಿಯನ್ನು ಆಸ್ಪತ್ರೆಯವರೆಗೆ ಕರೆತರುವ ಆಶಾ ಕಾರ್ಯಕರ್ತೆ ಇದ್ದಾಳೆ. ಅವಳನ್ನು ಸರ್ಕಾರವು ನೌಕರಳೆಂದೇ ಒಪ್ಪಿಲ್ಲ. ಸ್ವಯಂಸೇವಕಿ ಎನ್ನುತ್ತದೆ. ಆದ್ದರಿಂದ ಅವಳಿಗೆ ಸಿಗುವುದಕ್ಕೆ ಪಗಾರವೆಂಬ ಹೆಸರಿಲ್ಲ, ಗೌರವಧನ ಎನ್ನುತ್ತಾರೆ.

ಒಂದು ಸಣ್ಣ ಲೆಕ್ಕ

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಎ.ಎನ್.ಎಂ. ಮುಗಿಸಿ ಒಂದು ಖಾಸಗಿ ದವಾಖಾನೆ ಸೇರಿದಳು. ಊರಿನ ಹೆಸರೂ ದವಾಖಾನೆಯ ಹೆಸರೂ ಇಲ್ಲಿ ಬೇಡ. ಹನ್ನೆರಡು ತಾಸಿನ ಪಾಳಿ, ತಿಂಗಳಿಗೆ 26 ದಿನ, ಕೈಗೆ 8,000 ರೂಪಾಯಿ. ನೇಮಕಾತಿ ಪತ್ರ ಇಲ್ಲ. ಪಿ.ಎಫ್. ಇಲ್ಲ. ಮೂಲ ಅಂಕಪಟ್ಟಿಗಳು ದವಾಖಾನೆಯ ಕಪಾಟಿನಲ್ಲಿ.

ನಮ್ಮ ವಿದ್ಯಾರ್ಥಿಗಳು ಇದನ್ನು ಒಂದು ಗಣಿತದ ಸಮಸ್ಯೆಯೆಂದು ತೆಗೆದುಕೊಳ್ಳಲಿ. ದಿನಕ್ಕೆ 12 ತಾಸಿನಂತೆ 26 ದಿನಕ್ಕೆ 312 ತಾಸು. 8,000ವನ್ನು 312ರಿಂದ ಭಾಗಿಸಿದರೆ ತಾಸಿಗೆ 26 ರೂಪಾಯಿಗೂ ಕಡಿಮೆ. ಈಗ ಇನ್ನೊಂದು ಬದಿಗೆ ನೋಡೋಣ. 2025-26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ ಇತ್ತು. ಅದನ್ನು 26 ದಿನಕ್ಕೆ ಗುಣಿಸಿದರೆ 9,620 ರೂಪಾಯಿ. ಕೆರೆಯ ಹೂಳು ತೆಗೆಯುವ ತಾಯಿಯ ಕೂಲಿಗಿಂತ, ಎರಡು ವರ್ಷ ಓದಿ ಪರೀಕ್ಷೆ ಪಾಸಾದ ಮಗಳ ಪಗಾರ ಕಡಿಮೆ! ತಾಯಿಯ ಕೂಲಿ ಹೆಚ್ಚಾಯಿತೆಂದು ನಾನು ಹೇಳುತ್ತಿಲ್ಲ, ಆ ಕೂಲಿಯೂ ಸಾಲದು. ಆದರೆ ಮಗಳನ್ನು ಓದಿಸಿ ಎಂದು ಆ ತಾಯಿಗೆ ನಾವು ಯಾವ ಮುಖ ಇಟ್ಟುಕೊಂಡು ಹೇಳೋಣ?

ಲೆಕ್ಕ ಇನ್ನೂ ಮುಗಿದಿಲ್ಲ. ಕಾನೂನಿನ ಪ್ರಕಾರ ದಿನದ ಕೆಲಸ 8 ತಾಸು, ಅದಕ್ಕಿಂತ ಹೆಚ್ಚು ದುಡಿಸಿದರೆ ಆ ಹೆಚ್ಚಿನ ತಾಸುಗಳಿಗೆ ಎರಡು ಪಟ್ಟು ದರ ಕೊಡಬೇಕು. 8,000 ರೂಪಾಯಿ 8 ತಾಸಿನ 26 ದಿನಗಳಿಗೆ, ಅಂದರೆ 208 ತಾಸಿಗೆ ಎಂದು ಹಿಡಿಯಿರಿ. ಉಳಿದ 104 ತಾಸು ಹೆಚ್ಚುವರಿ. 208ರ ಅರ್ಧ 104. ಅರ್ಧದಷ್ಟು ತಾಸಿಗೆ ಎರಡು ಪಟ್ಟು ದರ ಎಂದರೆ ಮತ್ತೊಂದು ಪೂರ್ತಿ 8,000. ಅಂದರೆ ದವಾಖಾನೆಯವರೇ ಕಟ್ಟಿದ ಆ ಕಡಿಮೆ ಬೆಲೆಯಲ್ಲಿ ಲೆಕ್ಕ ಹಾಕಿದರೂ ಅವಳಿಗೆ ಬರಬೇಕಾದದ್ದು 16,000. ಪ್ರತಿ ತಿಂಗಳೂ ಅವಳ ಅರ್ಧ ಪಗಾರ ಅವಳಿಗೆ ತಲುಪುತ್ತಿಲ್ಲ.

ಅಳತೆ-ತೂಕದಲ್ಲಿ ಮೋಸ ಮಾಡುವವರ ಬಗ್ಗೆ ಪವಿತ್ರ ಕುರ್‌ಆನಿನ 83ನೆಯ ಅಧ್ಯಾಯ ಎಷ್ಟು ಕಟುವಾಗಿ ಎಚ್ಚರಿಸುತ್ತದೆಂದು ನಿಮಗೆಲ್ಲ ಗೊತ್ತು. ತಕ್ಕಡಿಯಲ್ಲಿ ಒಂದು ತೊಲ ಕಡಿಮೆ ತೂಗಿದ ಅಂಗಡಿಯವನನ್ನು ನಾವು ಬಯ್ಯುತ್ತೇವೆ. ತಾಸುಗಳನ್ನು ಕಡಿಮೆ ತೂಗಿದರೆ ಸುಮ್ಮನಿರುತ್ತೇವೆ.

ಒಬ್ಬಳೇ ಏಕೆ ಕೇಳಲಾರಳು?

ಹಾಗಾದರೆ ಅವಳು ಕೇಳಬಾರದೇ ಎಂದು ನೀವು ಹೇಳಬಹುದು. ನಮ್ಮ ಊರುಗಳ ಸ್ಥಿತಿ ನೋಡಿ. ಬೆಂಗಳೂರಿನ ದೊಡ್ಡ ಆಸ್ಪತ್ರೆಯಲ್ಲಿ ಐನೂರು ನರ್ಸ್‌ಗಳಿರುತ್ತಾರೆ. ನಮ್ಮ ತಾಲ್ಲೂಕು ಊರಿನ ನರ್ಸಿಂಗ್ ಹೋಮಿನಲ್ಲಿ ಆರೋ ಎಂಟೋ ಜನ. ಡಾಕ್ಟರರೇ ಮಾಲೀಕರು. ಅವರೇ ಅವಳ ತಂದೆಯ ಸಕ್ಕರೆ ಕಾಯಿಲೆಗೆ ಔಷಧಿ ಕೊಡುವವರು, ಅವರ ಶಿಫಾರಸಿನಿಂದಲೇ ಅವಳಿಗೆ ಕೆಲಸ ಸಿಕ್ಕಿರುತ್ತದೆ. ಪಗಾರ ಹೆಚ್ಚು ಮಾಡಿ ಎಂದರೆ, ಬೇಡವಾದರೆ ಬಿಡು, ನಾಳೆ ಬೇರೆಯವಳು ಬರುತ್ತಾಳೆ ಎನ್ನುತ್ತಾರೆ. ಅದು ನಿಜವೂ ಹೌದು. ಮಾರನೆಯ ದಿನ ಬರುವ ಆ ಬೇರೆಯವಳು ಕೂಡ ನಮ್ಮ ವಿದ್ಯಾರ್ಥಿನಿಯೇ.

ಒಬ್ಬಳು ಕೇಳಿದರೆ ಅದು ಜಗಳವೆನಿಸುತ್ತದೆ. ಆರು ಜನ ಕೇಳಿದರೆ ಆರೂ ಜನರ ಹೆಸರು ಊರಿಗೆ ಗೊತ್ತಾಗುತ್ತದೆ. ನಾಲ್ಕು ತಾಲ್ಲೂಕುಗಳ ಎಲ್ಲ ದವಾಖಾನೆಗಳ ಸಿಸ್ಟರ್‌ಗಳು ಒಂದು ಸಂಘವಾಗಿ ಕೇಳಿದರೆ ಆಗ ಅದು ಬೇಡಿಕೆ. ದೊಡ್ಡ ಆಸ್ಪತ್ರೆಯಲ್ಲಿ ಆಸ್ಪತ್ರೆಗೊಂದು ಸಂಘ ಸಾಕು. ನಮ್ಮಂಥ ಕಡೆ ಊರಿಗೂ ಒಂದು ಸಾಲದು. ಹಾನಗಲ್ಲದ ಸಿಸ್ಟರ್ ಬಿಟ್ಟ ಜಾಗಕ್ಕೆ ಶಿಗ್ಗಾವಿಯವಳು ಕಡಿಮೆ ಪಗಾರಕ್ಕೆ ಬಂದು ನಿಲ್ಲದಂತೆ ಇಡೀ ಭಾಗಕ್ಕೆ ಒಂದೇ ಸಂಘ ಬೇಕು.

ನಾವು ಶಿಕ್ಷಕರು ಇದನ್ನು ಬೇರೆಯವರಿಂದ ಕಲಿಯಬೇಕಾಗಿಲ್ಲ. 2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರು ಕೆಲಸ ನಿಲ್ಲಿಸಿದರು. ಅದೇ ದಿನ ಶೇ. 17ರಷ್ಟು ಮಧ್ಯಂತರ ಪರಿಹಾರದ ಆದೇಶ ಬಂತು. ಮುಂದೆ 7ನೇ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ಕನಿಷ್ಠ ಮೂಲ ವೇತನ 17,000ದಿಂದ 27,000 ರೂಪಾಯಿಗೆ ಏರಿತು. ನಮ್ಮ ಹಿಂದೆ ಬಲವಾದ ಸಂಘವಿತ್ತು. ಅದೇ 2023ರ ಫೆಬ್ರವರಿ-ಮಾರ್ಚ್‌ನಲ್ಲಿ ಆರೋಗ್ಯ ಅಭಿಯಾನದ ಗುತ್ತಿಗೆ ನೌಕರರು, ಅವರಲ್ಲಿ ಸಾವಿರಾರು ನರ್ಸ್‌ಗಳು, ಕಾಯಂ ಮಾಡಿ ಎಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ವಾರಗಟ್ಟಲೆ ಕುಳಿತಿದ್ದರು. ಆ ಬೇಡಿಕೆ ಈಡೇರಲಿಲ್ಲ. ಕಾಯಂ ನೌಕರರ ಸಂಘಟನೆಗೂ ಗುತ್ತಿಗೆಯವರ ಸಂಘಟನೆಗೂ ಬಲದಲ್ಲಿ ಎಷ್ಟು ಅಂತರವಿದೆ ಎಂಬುದು ಇದರಿಂದ ತಿಳಿಯುತ್ತದೆ.

ಸಂಘಟಿತರಾದವರು ಏನು ಪಡೆದರು?

ನರ್ಸ್‌ಗಳ ವಿಷಯದಲ್ಲಿ ದಾರಿ ತೋರಿಸಿದವರು ನಮ್ಮ ನೆರೆಯ ಕೇರಳದವರು. ಅಲ್ಲಿಯೂ ಹಿಂದೆ ಖಾಸಗಿ ಆಸ್ಪತ್ರೆಯ ನರ್ಸ್ ಎಂದರೆ ಕೆಲವೇ ಸಾವಿರದ ಪಗಾರ, ಬಾಂಡ್ ಬರೆಸಿಕೊಳ್ಳುವುದು, ಪ್ರಮಾಣಪತ್ರ ಹಿಡಿದಿಟ್ಟುಕೊಳ್ಳುವುದು ಎಲ್ಲವೂ ಇತ್ತು. 2011ರಲ್ಲಿ ಯುನೈಟೆಡ್ ನರ್ಸಸ್ ಅಸೋಸಿಯೇಷನ್ ಹುಟ್ಟಿತು. ಒಂದೊಂದೇ ಆಸ್ಪತ್ರೆಯಲ್ಲಿ ಸದಸ್ಯರನ್ನು ಕೂಡಿಸುತ್ತ, ಮುಷ್ಕರ ಮಾಡುತ್ತ, ಮಾತುಕತೆಗೆ ಕೂರುತ್ತ ಏಳು ವರ್ಷ ಹೋರಾಡಿದರು. 2018ರ ಏಪ್ರಿಲ್‌ನಲ್ಲಿ ಕೇರಳ ಸರ್ಕಾರವು ಖಾಸಗಿ ಆಸ್ಪತ್ರೆಯ ನರ್ಸ್‌ಗಳಿಗೆ ಕನಿಷ್ಠ 20,000 ರೂಪಾಯಿ ಮೂಲ ವೇತನ ನಿಗದಿ ಮಾಡಿ ಅಧಿಸೂಚನೆ ಹೊರಡಿಸಿತು. ಹಾಸಿಗೆಗಳ ಸಂಖ್ಯೆಗೆ ತಕ್ಕಂತೆ ಅದರ ಮೇಲೆ ಭತ್ಯೆಗಳೂ ಸೇರಿದವು.

ಇದೇ ಸಮಯದಲ್ಲಿ ಇನ್ನೊಂದು ಹೋರಾಟ ದೆಹಲಿಯಲ್ಲಿ ನಡೆಯಿತು. ಭಾರತೀಯ ತರಬೇತಿ ಪಡೆದ ನರ್ಸ್‌ಗಳ ಸಂಘವು 2011ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2016ರ ಜನವರಿ 29ರಂದು ನ್ಯಾಯಾಲಯವು ಒಂದು ತಜ್ಞ ಸಮಿತಿ ಮಾಡಿ ಎಂದು ಕೇಂದ್ರ ಸರ್ಕಾರಕ್ಕೆ ಹೇಳಿತು. ಆ ಸಮಿತಿಯ ಶಿಫಾರಸುಗಳನ್ನು ನಮ್ಮ ಪ್ರತಿಯೊಬ್ಬ ವಿದ್ಯಾರ್ಥಿನಿಯೂ ಬಾಯಿಪಾಠ ಮಾಡಬೇಕು. 200ಕ್ಕಿಂತ ಹೆಚ್ಚು ಹಾಸಿಗೆಗಳ ಖಾಸಗಿ ಆಸ್ಪತ್ರೆಯಲ್ಲಿ ನರ್ಸ್‌ಗೆ ರಾಜ್ಯ ಸರ್ಕಾರದ ನರ್ಸ್‌ಗೆ ಸಮನಾದ ಪಗಾರ. 100ಕ್ಕಿಂತ ಹೆಚ್ಚು ಹಾಸಿಗೆಗಳಿದ್ದರೆ ಸರ್ಕಾರಿ ಪಗಾರಕ್ಕಿಂತ ಶೇ. 10ಕ್ಕಿಂತ ಹೆಚ್ಚು ಕಡಿಮೆ ಇರಬಾರದು. 50ರಿಂದ 100 ಹಾಸಿಗೆಗಳಿದ್ದರೆ ಶೇ. 25ಕ್ಕಿಂತ ಹೆಚ್ಚು ಕಡಿಮೆ ಇರಬಾರದು. 50ಕ್ಕಿಂತ ಕಡಿಮೆ ಹಾಸಿಗೆಗಳಿದ್ದರೂ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು. ನಮ್ಮ ತಾಲ್ಲೂಕುಗಳ ನರ್ಸಿಂಗ್ ಹೋಮುಗಳು ಹೆಚ್ಚಾಗಿ ಈ ಕೊನೆಯ ಸಾಲಿಗೆ ಸೇರುವವು. ಆದರೆ ಇದು ಶಿಫಾರಸು ಮಾತ್ರ. ರಾಜ್ಯಗಳು ಕಾನೂನು ಅಥವಾ ಮಾರ್ಗಸೂಚಿ ಮಾಡಿದರಷ್ಟೇ ಅದಕ್ಕೆ ಜೀವ. ಕೇರಳದಲ್ಲಿ ಸಂಘವಿದ್ದುದರಿಂದ ಅದಕ್ಕೆ ಜೀವ ಬಂತು.

ಕರ್ನಾಟಕದ ಆಶಾ ತಾಯಂದಿರನ್ನೂ ನೆನೆಯಬೇಕು. 2020ರಲ್ಲಿ ಕೊರೊನಾ ಬಂದಾಗ ಮಾರ್ಚ್ 22ರ ಸಂಜೆ ನಾವೆಲ್ಲ ಆರೋಗ್ಯ ಸಿಬ್ಬಂದಿಗಾಗಿ ಚಪ್ಪಾಳೆ ತಟ್ಟಿದೆವು. ಅದೇ ವರ್ಷದ ಜುಲೈನಲ್ಲಿ ನಮ್ಮ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಖಾತರಿ ಗೌರವಧನ ಕೇಳಿ ಮುಷ್ಕರ ಮಾಡಬೇಕಾಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶದ ಆಶಾ ಕಾರ್ಯಕರ್ತೆಯರಿಗೆ ಜಾಗತಿಕ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯಲ್ಲಿ ಅವರು ಚಳಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕುಳಿತರು. ನಾಲ್ಕನೆಯ ದಿನ ಮುಖ್ಯಮಂತ್ರಿಗಳು ತಿಂಗಳಿಗೆ ಕನಿಷ್ಠ 10,000 ರೂಪಾಯಿ ಸಿಗುವಂತೆ ಮಾಡುವ ಭರವಸೆ ಕೊಟ್ಟರು. ಆ ಭರವಸೆಯನ್ನು ಜಾರಿಗೆ ತನ್ನಿ ಎಂದು ಆಗಸ್ಟ್‌ನಲ್ಲಿ ಮತ್ತೆ ಧರಣಿ ಕೂರಬೇಕಾಯಿತು. ಅವರ ಸಂಯುಕ್ತ ಸಂಘ ಇಲ್ಲದಿದ್ದರೆ ಭರವಸೆಯಾದರೂ ಸಿಗುತ್ತಿರಲಿಲ್ಲ. ಸಂಘ ಕಟ್ಟಿದ ಕೂಡಲೇ ಎಲ್ಲವೂ ಸಿಗುತ್ತದೆಂದು ನಾನು ಹೇಳುವುದಿಲ್ಲ. ಸಿಕ್ಕದ್ದನ್ನು ಉಳಿಸಿಕೊಳ್ಳಲು ಕೂಡ ಸಂಘ ಬೇಕು.

ಕಾನೂನು ಏನು ಕೊಡುತ್ತದೆ?

ದವಾಖಾನೆಯಲ್ಲಿ ಯೂನಿಯನ್ ಮಾಡಬಹುದೇ, ಅದು ಕಾರ್ಖಾನೆಯಲ್ಲವಲ್ಲ ಎಂದು ಬಹಳ ಜನ ಕೇಳುತ್ತಾರೆ. 1970ರಲ್ಲಿ ಸುಪ್ರೀಂ ಕೋರ್ಟ್ ಕೂಡ ಸಫ್ದರ್‌ಜಂಗ್ ಆಸ್ಪತ್ರೆಯ ಪ್ರಕರಣದಲ್ಲಿ ಆಸ್ಪತ್ರೆ ಉದ್ಯಮವಲ್ಲ ಎಂದಿತ್ತು. 1978ರಲ್ಲಿ ನಮ್ಮ ಬೆಂಗಳೂರು ಜಲಮಂಡಳಿಯ ಪ್ರಕರಣದಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಆ ಅಭಿಪ್ರಾಯವನ್ನು ಬದಲಿಸಿತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದ ಆ ತೀರ್ಪಿನಿಂದ ಆಸ್ಪತ್ರೆ, ಶಾಲೆಗಳ ನೌಕರರಿಗೂ ಕೈಗಾರಿಕಾ ಕಾನೂನಿನ ರಕ್ಷಣೆಯ ಬಾಗಿಲು ತೆರೆಯಿತು.

2025ರ ನವೆಂಬರ್ 21ರಿಂದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳಲ್ಲಿ ಕಾರ್ಮಿಕರಿಗೆ ತೊಡಕಾಗುವ ಅಂಶಗಳಿವೆ ಎಂದು ಅನೇಕ ಸಂಘಟನೆಗಳು ವಿರೋಧಿಸಿವೆ. ಮುಷ್ಕರ ಮಾಡಬೇಕಾದರೆ 14 ದಿನ ಮೊದಲು ನೋಟಿಸು ಕೊಡಬೇಕೆಂಬುದು ಅವುಗಳಲ್ಲೊಂದು. ಆದರೆ ನಮ್ಮ ಸಿಸ್ಟರ್‌ಗಳಿಗೆ ಉಪಯೋಗವಾಗುವ ಮಾತುಗಳೂ ಅದರಲ್ಲಿವೆ, ಅವನ್ನು ತಿಳಿದಿರಬೇಕು.

ಮೊದಲನೆಯದು, ನೇಮಕಾತಿ ಪತ್ರ ಕೊಡುವುದು ಮಾಲೀಕರ ಕರ್ತವ್ಯ. ಎರಡನೆಯದು, ಕನಿಷ್ಠ ವೇತನ ಎಲ್ಲ ನೌಕರರ ಹಕ್ಕು. ತಿಂಗಳ ಪಗಾರ ಮುಂದಿನ ತಿಂಗಳ 7ನೇ ತಾರೀಖಿನೊಳಗೆ ಬರಬೇಕು. ಕೆಲಸ ಬಿಟ್ಟರೆ ಬಾಕಿ ಹಣ ಎರಡು ಕೆಲಸದ ದಿನಗಳೊಳಗೆ ಸಿಗಬೇಕು. ಮೂರನೆಯದು ಬಹಳ ಮುಖ್ಯ. ಪಗಾರದ ಬಾಕಿಗಾಗಿ ಮೂರು ವರ್ಷಗಳೊಳಗೆ ಅರ್ಜಿ ಹಾಕಬಹುದು, ಮತ್ತು ಆ ಅರ್ಜಿಯನ್ನು ಅವಳೇ ಹಾಕಬೇಕಿಲ್ಲ, ಅವಳು ಸದಸ್ಯಳಾಗಿರುವ ನೋಂದಾಯಿತ ಸಂಘವೂ ಹಾಕಬಹುದು. ಎಷ್ಟೇ ಜನರಿದ್ದರೂ ಒಂದೇ ಅರ್ಜಿ ಸಾಕು. ಬಾಕಿಯ ಜೊತೆಗೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅಧಿಕಾರವೂ ಉಂಟು. ಊರಿನ ಡಾಕ್ಟರರ ಎದುರಿಗೆ ಒಂಟಿಯಾಗಿ ನಿಲ್ಲಲು ಅಂಜುವ ಹುಡುಗಿಗೆ ಇದಕ್ಕಿಂತ ದೊಡ್ಡ ಆಸರೆ ಯಾವುದಿದೆ?

ಸಂಘದ ನೋಂದಣಿಗೆ ಅರ್ಜಿ ಹಾಕಲು ಕನಿಷ್ಠ ಏಳು ಜನ ಬೇಕು. ಜೊತೆಗೆ ಆ ಉದ್ಯಮದಲ್ಲಿ ದುಡಿಯುವವರ ಶೇ. 10 ಅಥವಾ 100 ಜನ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಸದಸ್ಯರಿರಬೇಕು. ನಾಲ್ಕು ತಾಲ್ಲೂಕು ಕೂಡಿದರೆ ನೂರು ಸಿಸ್ಟರ್‌ಗಳು ಸಿಗುವುದು ಕಷ್ಟವೇ?

ಹತ್ತು ಅಥವಾ ಹೆಚ್ಚು ಜನ ದುಡಿಯುವ ದವಾಖಾನೆಯಲ್ಲಿ, ತಿಂಗಳಿಗೆ 21,000ದವರೆಗೆ ಪಗಾರವಿದ್ದವರಿಗೆ ಇ.ಎಸ್.ಐ. ಸಿಗಬೇಕು. ನೌಕರರ ಪಾಲು ಶೇ. 0.75, ಮಾಲೀಕರ ಪಾಲು ಶೇ. 3.25. ಇಪ್ಪತ್ತು ಜನರಿದ್ದರೆ ಪಿ.ಎಫ್. ಕಡ್ಡಾಯ. ರಾತ್ರಿ ಪಾಳಿಯ ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ಹತ್ತು ಜನರಿರುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು, ಅದಕ್ಕಿಂತ ಚಿಕ್ಕದಾದ ಕಡೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ವಕೀಲರಿಗೆ ಕೊಡಲು ಹಣವಿಲ್ಲವೆಂದು ಹೆದರಬೇಡಿ. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವು ಕೊಡುವ ಸೇವಾ ಸಮಿತಿ ತಾಲ್ಲೂಕು ನ್ಯಾಯಾಲಯದಲ್ಲಿಯೇ ಇದೆ.

ಕೆಲವು ಆಕ್ಷೇಪಗಳು

ಮೊದಲ ಆಕ್ಷೇಪ: ನರ್ಸಿಂಗ್ ಎಂದರೆ ಖಿದ್ಮತ್, ಸೇವೆ, ಅದರಲ್ಲಿ ಹಣದ ಮಾತು ಬರಬಾರದು. ಇಸ್ಲಾಮಿನ ಇತಿಹಾಸದ ಮೊದಲ ನರ್ಸ್ ಎಂದು ಹೆಸರಾದ ಹಜರತ್ ರುಫೈದಾ ಅಲ್ ಅಸ್ಲಮಿಯ್ಯಾ ಅವರನ್ನು ನೆನೆಯಿರಿ. ಖಂದಕ್ ಯುದ್ಧದಲ್ಲಿ ಗಾಯಗೊಂಡ ಹಜರತ್ ಸಅದ್ ಬಿನ್ ಮುಆಜ್ ಅವರನ್ನು ಮದೀನಾದ ಮಸೀದಿಯ ಬಳಿ ರುಫೈದಾ ಅವರ ಡೇರೆಯಲ್ಲಿಯೇ ಇರಿಸಲಾಗಿತ್ತು. ಖೈಬರ್ ಯುದ್ಧದ ನಂತರ ಅವರಿಗೆ ಯುದ್ಧ ಮಾಡಿದ ಸೈನಿಕನಿಗೆ ಸಮನಾದ ಪಾಲು ಕೊಡಲಾಯಿತೆಂದು ಸೀರತ್‌ನ ಬರಹಗಾರರು ಹೇಳುತ್ತಾರೆ. ಅವರ ಸೇವೆಯೂ ಪಾಲೂ ಎರಡೂ ಒಟ್ಟಿಗಿದ್ದವು. ದುಡಿದವನ ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂಬ ನಬಿ ಸಲ್ಲಲ್ಲಾಹು ಅಲೈಹಿ ವಸಲ್ಲಮರ ಬೋಧನೆ ನಮ್ಮ ಮಕ್ಕಳಿಗೂ ಗೊತ್ತು. ಪೂರ್ತಿ ಕೆಲಸ ಮಾಡಿಸಿಕೊಂಡು ಕೂಲಿ ಕೊಡದವನ ವಿರುದ್ಧ ಕಿಯಾಮತ್ತಿನ ದಿನ ಸ್ವತಃ ಅಲ್ಲಾಹನೇ ವಾದಿಯಾಗಿ ನಿಲ್ಲುತ್ತಾನೆಂದು ಹದೀಸ್ ಎಚ್ಚರಿಸುತ್ತದೆ. ಫಿಕ್‌ಹ್‌ನಲ್ಲಿ ಇಜಾರಾ, ಅಂದರೆ ಕೂಲಿಯ ಕರಾರು, ಸರಿಯಾಗಬೇಕಾದರೆ ಕೆಲಸ ಎಷ್ಟು, ಉಜ್ರತ್ ಎಷ್ಟು ಎಂಬುದು ಮೊದಲೇ ಸ್ಪಷ್ಟವಾಗಿರಬೇಕು. ನೇಮಕಾತಿ ಪತ್ರ ಕೇಳುವ ಹುಡುಗಿ ಶರೀಅತ್ತಿಗೂ ಸರ್ಕಾರದ ಕಾನೂನಿಗೂ ಒಪ್ಪುವ ಮಾತನ್ನೇ ಕೇಳುತ್ತಿದ್ದಾಳೆ. ಕಾಯಕದ ಘನತೆಯನ್ನು ಸಾರಿದ ಬಸವಣ್ಣನವರ ನಾಡಿನಲ್ಲಿ, ಶಾಲಾ ಮಾಸ್ತರಿಕೆ ಮಾಡಿ ಸಂತರಾದ ಶಿಶುನಾಳ ಶರೀಫ ಸಾಹೇಬರ ಶಿಗ್ಗಾವಿ ತಾಲ್ಲೂಕಿನಲ್ಲಿ ಇದು ಹೊಸ ಮಾತೂ ಅಲ್ಲ.

ಎರಡನೆಯ ಆಕ್ಷೇಪ: ಮುಷ್ಕರವಾದರೆ ರೋಗಿಗಳ ಗತಿ ಏನು? ಇದು ನ್ಯಾಯವಾದ ಪ್ರಶ್ನೆ. ಆರೋಗ್ಯ ಸೇವೆಯಲ್ಲಿ ಎಸ್ಮಾ ಕಾಯ್ದೆಯಡಿ ಸರ್ಕಾರ ಮುಷ್ಕರ ನಿಷೇಧಿಸಲೂಬಹುದು. ಆದರೆ ಸಂಘ ಎಂದರೆ ಮುಷ್ಕರ ಎಂದೇ ಅರ್ಥವಲ್ಲ. ಸಂಘದ ಹೆಚ್ಚಿನ ಕೆಲಸ ಪತ್ರ ಬರೆಯುವುದು, ಲೆಕ್ಕ ಇಡುವುದು, ಮಾತುಕತೆಗೆ ಕೂರುವುದು, ಕಾರ್ಮಿಕ ಇಲಾಖೆಗೆ ಅಲೆಯುವುದು. ಮುಷ್ಕರ ಕೊನೆಯ ದಾರಿ, ಆಗಲೂ ಹೆರಿಗೆ ಕೋಣೆ ಮತ್ತು ತುರ್ತು ಚಿಕಿತ್ಸೆಗೆ ಜನರನ್ನು ಬಿಟ್ಟೇ ಹೊರಡಬೇಕು. ಇದರ ಜೊತೆಗೆ ಇನ್ನೊಂದು ಮಾತು ಯೋಚಿಸಿ. ಹನ್ನೆರಡನೆಯ ತಾಸಿನಲ್ಲಿ ಕಣ್ಣು ಮುಚ್ಚುತ್ತಿರುವ ಸಿಸ್ಟರ್ ನಿಮ್ಮ ಮನೆಯ ಬಾಣಂತಿಗೆ ಸಲೈನ್ ಹಾಕುವುದು ಸುರಕ್ಷಿತವೇ? ರೋಗಿಯ ಹಿತ ಮತ್ತು ಸಿಸ್ಟರ್ ಹಿತ ಬೇರೆ ಬೇರೆ ಅಲ್ಲ.

ಮೂರನೆಯ ಆಕ್ಷೇಪ ಚಿಕ್ಕ ದವಾಖಾನೆಗಳ ಡಾಕ್ಟರರದು: ನಮ್ಮ ಆದಾಯವೇ ಕಡಿಮೆ, 20,000 ಎಲ್ಲಿಂದ ಕೊಡೋಣ? ಅವರ ಕಷ್ಟ ಸುಳ್ಳಲ್ಲ. ನಮ್ಮ ರೈತರು ಗೋವಿನಜೋಳ, ಹತ್ತಿ ಮಾರಿದ ಮೇಲೆ ಬಿಲ್ಲು ಕೊಡುವವರು. ಸರ್ಕಾರಿ ಯೋಜನೆಗಳ ಹಣವೂ ತಡವಾಗಿ ಬರುತ್ತದೆಂದು ಡಾಕ್ಟರರು ಹೇಳುತ್ತಾರೆ. ಹಾಗಿದ್ದರೆ ಒಂದೇ ಸಲಕ್ಕೆ ಬೇಡ, ಎರಡು ಮೂರು ಹಂತಗಳಲ್ಲಿ ಏರಿಸುವ ಒಪ್ಪಂದ ಮಾಡಿಕೊಳ್ಳಲಿ. ಆದರೆ ಒಪ್ಪಂದ ಮಾಡಿಕೊಳ್ಳಲು ಎದುರಿಗೆ ಒಂದು ಸಂಘ ಇರಬೇಕಲ್ಲವೇ? ಎಂಟು ತಾಸಿನ ಪಾಳಿ, ವಾರದ ರಜೆ, ನೇಮಕಾತಿ ಪತ್ರ, ಮೂಲ ಪ್ರಮಾಣಪತ್ರ ಹಿಂದಿರುಗಿಸುವುದು, ಇವುಗಳಲ್ಲಿ ಕೆಲವಕ್ಕೆ ಹಣವೂ ಬೇಡ, ಮನಸ್ಸಿದ್ದರೆ ಸಾಕು.

ನಾಲ್ಕನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ನಮ್ಮ ಹೆಣ್ಣುಮಕ್ಕಳು ಯೂನಿಯನ್, ಧರಣಿ ಎಂದು ಹೊರಗೆ ಹೋಗುವುದು ಸರಿಯೇ? ರಾತ್ರಿ ಪಾಳಿಗೆ ಕಳಿಸಲು ಒಪ್ಪಿದ ಮನೆಯವರು ಹಗಲಿನ ಸಭೆಗೆ ಏಕೆ ಅಂಜಬೇಕು? ಬೇಕಾದರೆ ಮೊದಲ ಸಭೆಗಳು ನಮ್ಮ ಶಾಲೆಯ ಕೋಣೆಯಲ್ಲಿಯೇ ಆಗಲಿ. ಸಿಸ್ಟರ್‌ಗಳಲ್ಲಿ ಎಲ್ಲ ಧರ್ಮ, ಎಲ್ಲ ಜಾತಿಯವರೂ ಇದ್ದಾರೆ. ಸಂಘ ಎಲ್ಲರದಾಗಿರಬೇಕು. ನಮ್ಮವರಿಗೆ ಮಾತ್ರ ಎಂದು ಹೊರಟರೆ ಅದು ಸಂಘವಾಗುವುದಿಲ್ಲ, ಬಲವೂ ಬರುವುದಿಲ್ಲ.

ನಾವು ಮಾಡಬಹುದಾದ ಕೆಲಸ

ಯೂನಿಯನ್ ಕಟ್ಟುವುದು ನಮ್ಮ ಶಿಕ್ಷಣ ಸಂಘದ ಕೆಲಸವಲ್ಲ, ಅದು ಸಿಸ್ಟರ್‌ಗಳದೇ ಕೆಲಸ. ಆದರೆ ಬುನಾದಿಗೆ ಕಲ್ಲು ಹೊರಲು ನಮಗೆ ಯಾರ ಅಡ್ಡಿಯೂ ಇಲ್ಲ.

ಒಂದು, ನಾವು ವಿದ್ಯಾರ್ಥಿವೇತನ ಕೊಟ್ಟು ಓದಿಸಿದ ಪ್ರತಿ ಹುಡುಗಿಯ ವಿವರ ಬರೆದಿಡುವ ಒಂದು ವಹಿ ಇಡೋಣ. ಎಲ್ಲಿ ಕೆಲಸ, ಎಷ್ಟು ತಾಸು, ಎಷ್ಟು ಪಗಾರ. ಹೆಸರು ಗುಟ್ಟಾಗಿರಲಿ, ಅಂಕಿಗಳು ಮಾತನಾಡಲಿ. ಎರಡು, ವರ್ಷಕ್ಕೊಮ್ಮೆ ಕಾರ್ಮಿಕ ಇಲಾಖೆಯ ಅಧಿಕಾರಿಗಳನ್ನೂ ಕಾನೂನು ಸೇವಾ ಸಮಿತಿಯ ವಕೀಲರನ್ನೂ ಕರೆಸಿ ನಾಲ್ಕೂ ತಾಲ್ಲೂಕುಗಳಲ್ಲಿ ಒಂದೊಂದು ತಿಳುವಳಿಕೆ ಸಭೆ ಮಾಡೋಣ. ಕರ್ನಾಟಕದಲ್ಲಿ ಕನಿಷ್ಠ ವೇತನದ ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ರಂದು ಬದಲಾಗುತ್ತದೆ. ಆ ಪಟ್ಟಿಯನ್ನು ಕನ್ನಡ ಮತ್ತು ಉರ್ದುವಿನಲ್ಲಿ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಹಂಚೋಣ. ಮೂರು, ಸೀಟು ಕೊಡಿಸುವ ಮೊದಲು ಆ ಕಾಲೇಜಿಗೆ ಮಾನ್ಯತೆ ಇದೆಯೇ, ಓದು ಮುಗಿದ ಮೇಲೆ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಣಿ ಆಗುತ್ತದೆಯೇ ಎಂದು ನೋಡೋಣ. ನೋಂದಣಿ ಇಲ್ಲದವಳ ಪಗಾರ ಎಂದಿಗೂ ಏರುವುದಿಲ್ಲ. ಈಗಾಗಲೇ ಕೋರ್ಸಿಲ್ಲದೆ ದುಡಿಯುತ್ತಿರುವ ಹುಡುಗಿಯರನ್ನು ಮರಳಿ ಓದಿಗೆ ಕಳಿಸಲು ವಿದ್ಯಾರ್ಥಿವೇತನದಲ್ಲಿ ಒಂದು ಪಾಲು ತೆಗೆದಿಡೋಣ.

ನಾಲ್ಕನೆಯದು ನಮಗೇ ಸಂಬಂಧಿಸಿದ್ದು, ಆದ್ದರಿಂದ ಕಹಿ. ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯು ಧರ್ಮಾರ್ಥ ಸಂಸ್ಥೆಗಳು ನಡೆಸುವ ಸಂಸ್ಥೆಗಳನ್ನು ‘ಉದ್ಯಮ’ ಎಂಬುದರಿಂದ ಹೊರಗಿಟ್ಟಿದೆ. ಅಂದರೆ ಜಮಾತು, ಟ್ರಸ್ಟು, ಮಠ, ಮಿಷನ್ನುಗಳು ನಡೆಸುವ ದವಾಖಾನೆ, ಶಾಲೆಗಳಿಗೆ ಅದೊಂದು ಕಿಂಡಿ. ಆ ಕಿಂಡಿಯಿಂದ ನಾವು ನುಸುಳಬಾರದು. ಝಕಾತ್, ಸದಕಾದ ಹಣದಲ್ಲಿ ಬಡವರಿಗೆ ಚಿಕಿತ್ಸೆ ಕೊಡುತ್ತ, ಆ ಚಿಕಿತ್ಸೆ ಮಾಡುವ ಬಡ ಸಿಸ್ಟರ್‌ನ ಹಕ್ ಇಟ್ಟುಕೊಂಡರೆ ಅದು ಖೈರಾತ್ ಹೇಗಾದೀತು? ನಮ್ಮ ಸಮಾಜದ ಸಂಸ್ಥೆಗಳು, ನಮ್ಮ ಶಾಲೆಗಳ ಗೌರವ ಶಿಕ್ಷಕಿಯರನ್ನೂ ಸೇರಿಸಿ, ಮೊದಲು ತಾವು ಸರಿಯಾದ ಪಗಾರ ಕೊಟ್ಟು ತೋರಿಸಲಿ. ಆಮೇಲೆ ಊರಿನ ಡಾಕ್ಟರರ ಬಾಗಿಲಿಗೆ ಹೋಗಿ ಕೇಳಲು ನಮಗೆ ನಾಲಿಗೆ ಇರುತ್ತದೆ.

ವಿದ್ಯಾರ್ಥಿನಿಯರಿಗೆ

ಕೊನೆಯದಾಗಿ ನರ್ಸಿಂಗ್ ಓದುತ್ತಿರುವ, ಓದಬೇಕೆಂದಿರುವ ಮಕ್ಕಳೇ, ನಿಮಗೆ ಕೆಲವು ಮಾತು. ಕೆಲಸಕ್ಕೆ ಸೇರುವಾಗ ಪ್ರಮಾಣಪತ್ರದ ನಕಲು ಕೊಡಿ, ಮೂಲ ಕೊಡಬೇಡಿ. ಪಗಾರ ಬ್ಯಾಂಕ್ ಖಾತೆಗೆ ಹಾಕಲು ಕೇಳಿ. ಪ್ರತಿ ದಿನ ಎಷ್ಟು ಗಂಟೆಗೆ ಹೋದಿರಿ, ಎಷ್ಟು ಗಂಟೆಗೆ ಬಂದಿರಿ ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ನಾಳೆ ಅದೇ ನಿಮ್ಮ ಸಾಕ್ಷಿ. ಸಂಘಕ್ಕೆ ಚಂದಾ ಕೊಟ್ಟರೆ ರಸೀದಿ ಕೇಳಿ, ಲೆಕ್ಕ ಕೇಳಿ. ಲೆಕ್ಕ ಕೊಡದ ಮುಖಂಡರನ್ನು ಬದಲಿಸುವ ಹಕ್ಕೂ ನಿಮ್ಮದೇ. ನಿಮಗಿಂತ ಕಡಿಮೆ ಓದಿದ ಆಯಾಳನ್ನು, ಹಳ್ಳಿಯಿಂದ ರೋಗಿಯನ್ನು ಕರೆತಂದ ಆಶಾ ಅಕ್ಕನನ್ನು ನಿಮ್ಮ ಸಾಲಿನಿಂದ ಹೊರಗಿಡಬೇಡಿ. ರೋಗಿಗಳ ಎದುರಿಗೆ ಮೃದುವಾಗಿರಿ, ಹಕ್ಕಿನ ಎದುರಿಗೆ ಗಟ್ಟಿಯಾಗಿರಿ.

ನಮ್ಮ ಮುಂದಿನ ವಾರ್ಷಿಕ ಸಂಚಿಕೆಯಲ್ಲಿ ಸೀಟು ಸಿಕ್ಕ ಹುಡುಗಿಯರ ಫೋಟೋಗಳ ಪಕ್ಕದಲ್ಲಿ ಇನ್ನೊಂದು ಪುಟ ಇರಲಿ ಎಂಬುದು ನನ್ನ ಕೋರಿಕೆ. ನಾವು ಓದಿಸಿದ ಸಿಸ್ಟರ್‌ಗಳಲ್ಲಿ ಎಷ್ಟು ಜನರಿಗೆ ನೇಮಕಾತಿ ಪತ್ರ ಸಿಕ್ಕಿತು, ಎಷ್ಟು ಜನ ಎಂಟು ತಾಸಿನ ಪಾಳಿಗೆ ಬಂದರು, ಎಷ್ಟು ಜನರ ಪಗಾರ ಏರಿತು ಎಂಬ ಅಂಕಿಗಳ ಪುಟ. ಮೊದಲ ವರ್ಷ ಆ ಅಂಕಿಗಳು ಚಿಕ್ಕದಾಗಿರಬಹುದು. ಪರವಾಗಿಲ್ಲ, ಬರೆಯಲು ಶುರು ಮಾಡೋಣ.

ದುಡಿಯುವ ಕೈಗಳಿಗೆ ಅವುಗಳ ಹಕ್ಕನ್ನು ಕೊಡುವ, ಕೊಡಿಸುವ ಬುದ್ಧಿಯನ್ನೂ ಧೈರ್ಯವನ್ನೂ ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ, ಆಮೀನ್.